ಕಟ್ಟಡದ ದೀಪಗಳಿಗೆ ಯಾವ ಕಂಟ್ರೋಲ್: ಡಾಲಿ, ಕೆಎನ್‌ಎಕ್ಸ್, ಬ್ಲೂಟೂತ್, ಇಲ್ಲಾ ಬರೀ ಸ್ವಿಚ್ಚೇ ಸಾಕಾ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮಿನಿಚಾಗ್ ಎಂಬ ಹೈಸ್ಕೂಲಿದೆ. 2021ರ ಆಗಸ್ಟ್‌ನಲ್ಲಿ ಅಲ್ಲಿನ ದೀಪಗಳ ಕಂಟ್ರೋಲ್ ಸಾಫ್ಟ್‌ವೇರ್ ಕೈಕೊಟ್ಟಿತು. ಸುಮಾರು 7000 ದೀಪಗಳು ಹಗಲೂ ರಾತ್ರಿ ಉರಿಯತೊಡಗಿದವು. ಆರಿಸಲು ದಾರಿಯೇ ಇರಲಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಕಾಲ ಹಾಗೇ ನಡೆಯಿತು. ಆ ಸಿಸ್ಟಮ್ ಹಾಕಿಕೊಟ್ಟ ಕಂಪನಿ ಅಷ್ಟರಲ್ಲಿ ಕೈಯಿಂದ ಕೈಗೆ ಮಾರಾಟವಾಗಿತ್ತು. ಒಳಗಿನ ಗುಟ್ಟು ಗೊತ್ತಿದ್ದವರನ್ನು ಹುಡುಕಬೇಕಾಯಿತು, ಬಿಡಿಭಾಗಗಳಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. 2023ರ ಶುರುವಿನಲ್ಲಿ ಈ ಸುದ್ದಿ ಎಲ್ಲ ಕಡೆ ಓಡಾಡಿತು. ಬಹಳ ಜನ ಓದಿ ನಕ್ಕರು. ಲೈಟಿಂಗ್ ಕೆಲಸ ಮಾಡುವ ನಮ್ಮಂಥವರಿಗೆ ನಗು ಬರಲಿಲ್ಲ.

ದೀಪ ಹತ್ತಿಸುವ, ಆರಿಸುವ, ಮಂದ ಮಾಡುವ ಈ ಕಂಟ್ರೋಲ್‌ಗಳ ಬಗ್ಗೆ ಕಂಪನಿಗಳು ಕೊಡುವ ಬ್ರೋಷರ್‌ನಲ್ಲಿ ಆ್ಯಪ್ ಹೇಗಿದೆ, ಎಷ್ಟು ಬಣ್ಣ ಬರುತ್ತದೆ, ಎಷ್ಟು ಕರೆಂಟ್ ಉಳಿಯುತ್ತದೆ ಎಂಬ ಹೋಲಿಕೆ ಸಿಗುತ್ತದೆ. ನಾನು ಕೇಳುವ ಪ್ರಶ್ನೆಗಳು ಬೇರೆ. ಹೊಸ ವೈರ್ ಎಳೆಯಲು ಜಾಗ ಇದೆಯಾ? ಕರೆಂಟ್ ಹೋಗಿ ಬಂದಾಗ ದೀಪಗಳು ಏನು ಮಾಡುತ್ತವೆ? ಐದು ವರ್ಷದ ಮೇಲೆ, ಹಾಕಿಕೊಟ್ಟವನು ಫೋನ್ ಎತ್ತದಿದ್ದರೆ, ಇದನ್ನು ಬದಲಾಯಿಸುವವರು ಯಾರು? ಮೂರನೆಯದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಮುಂದಿನ ಹೋಲಿಕೆಯೆಲ್ಲ ಆ ಕಣ್ಣಿನಿಂದಲೇ.

ಮೊದಲು ದುಡ್ಡಿನ ಲೆಕ್ಕ

ಆಫೀಸಿನ ಒಂದು ಪ್ಯಾನೆಲ್ ದೀಪ 36 ವಾಟ್ ಅಂದುಕೊಳ್ಳಿ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಉರಿದರೆ 108 ಯೂನಿಟ್. ಸೆನ್ಸರ್, ಡಿಮ್ಮಿಂಗ್ ಎಲ್ಲ ಸೇರಿ ಅದರಲ್ಲಿ ಶೇಕಡಾ 30 ಉಳಿಸಿದವು ಅನ್ನೋಣ. 32 ಯೂನಿಟ್ ಚಿಲ್ಲರೆ ಆಯಿತು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 260 ರೂಪಾಯಿ. ಕಂಟ್ರೋಲ್‌ಗೆಂದು ಒಂದು ದೀಪಕ್ಕೆ 2000 ರೂಪಾಯಿ ಹೆಚ್ಚು ಖರ್ಚಾದರೆ ಅದು ವಾಪಸ್ ಬರಲು ಏಳೆಂಟು ವರ್ಷ ಬೇಕು. ಜೊತೆಗೆ ಡಿಮ್ ಆಗುವ ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಪೆಟ್ಟಿಗೆ) ದೀಪ ಆರಿದ್ದಾಗಲೂ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಅರ್ಧ ವಾಟ್ ಅಂದರೂ ವರ್ಷಕ್ಕೆ ಸುಮಾರು ಮೂರು ಯೂನಿಟ್ ಹೋಯಿತು.

ಚೋಕ್ ಹಾಕಿದ ಹಳೇ ಟ್ಯೂಬ್‌ಲೈಟ್ ಕಾಲದಲ್ಲಿ ಈ ಲೆಕ್ಕ ಬೇರೆ ಇತ್ತು. ಉಳಿಸೋಕೆ ಆಗ ಜಾಸ್ತಿ ಇತ್ತು. ಎಲ್‌ಇಡಿ ಬಂದು ಆ ಉಳಿತಾಯದ ದೊಡ್ಡ ಪಾಲನ್ನು ತಾನೇ ಮಾಡಿಬಿಟ್ಟಿದೆ. ಹಾಗಾಗಿ "ಕರೆಂಟ್ ಬಿಲ್ ಅರ್ಧ ಆಗುತ್ತೆ ಸಾರ್" ಎಂದು ಹೇಳಿ ಕಂಟ್ರೋಲ್ ಮಾರಲು ಬಂದವರ ಮುಂದೆ ಈ ಲೆಕ್ಕ ಇಡಿ. ನಿಮ್ಮ ದೀಪದ ವಾಟ್, ನಿಮ್ಮ ಗಂಟೆ, ನಿಮ್ಮ ದರ ಹಾಕಿ ತೋರಿಸಲಿ.

ಹಾಗಂತ ಕಂಟ್ರೋಲ್ ಬೇಡವೇ ಬೇಡ ಎಂದಲ್ಲ. ಕೂರುವ ಜಾಗ ಆಗಾಗ ಬದಲಾಗುವ ಆಫೀಸಿನಲ್ಲಿ ಗೋಡೆ ಒಡೆಯದೆ ದೀಪಗಳ ಗುಂಪು ಬದಲಾಯಿಸಬಹುದು. ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಕಾರಿಡಾರ್ ಮಂದ ಮಾಡಬಹುದು. ಎಮರ್ಜೆನ್ಸಿ ದೀಪಗಳ ಬ್ಯಾಟರಿ ಪರೀಕ್ಷೆ ತಾನಾಗಿ ನಡೆಯುತ್ತದೆ. ಇವೆಲ್ಲ ಬಿಲ್‌ನಲ್ಲಿ ಕಾಣದ ಲಾಭಗಳು. ಮತ್ತೆ ಕಾನೂನೂ ಇದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2017ರಲ್ಲಿ ಹೊರತಂದ, ಕಟ್ಟಡಗಳ ಇಂಧನ ಉಳಿತಾಯದ ಇಸಿಬಿಸಿ ನಿಯಮಾವಳಿ, 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚು ಲೋಡ್ ಇರುವ ವಾಣಿಜ್ಯ ಕಟ್ಟಡಗಳಿಗೆ ದೀಪಗಳು ತಾನಾಗಿ ಆರುವ ವ್ಯವಸ್ಥೆ ಬೇಕು ಅನ್ನುತ್ತದೆ. ಸೆನ್ಸರ್ ಹಾಕಿದರೆ ಜನ ಹೊರಟ 15 ನಿಮಿಷದೊಳಗೆ ದೀಪ ಆರಬೇಕು. 2024ರಲ್ಲಿ ಇದರ ಹೊಸ ರೂಪವೂ ಬಂದಿದೆ. ದೊಡ್ಡ ಕಟ್ಟಡ ಕಟ್ಟಿಸುವವರು ತಮ್ಮ ರಾಜ್ಯದಲ್ಲಿ ಯಾವ ರೂಪ ಜಾರಿಯಲ್ಲಿದೆ ಎಂದು ಕನ್ಸಲ್ಟೆಂಟ್ ಹತ್ತಿರ ಮೊದಲೇ ಕೇಳಿಕೊಳ್ಳಬೇಕು.

ಒಂದು ಮಾತು ನೆನಪಿರಲಿ. ತಾನಾಗಿ ಆರಲು ನೆಟ್‌ವರ್ಕ್ ಬೇಕೇ ಬೇಕು ಎಂದಿಲ್ಲ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ಪಾರ್ಕಿಂಗ್‌ಗೆ ಒಳಗೇ ಸೆನ್ಸರ್ ಇರುವ ಟ್ಯೂಬ್ ಸಿಗುತ್ತದೆ. ಯಾರೂ ಇಲ್ಲದಾಗ ಮಂದವಾಗಿ ಉರಿಯುತ್ತದೆ, ಕಾರು ಬಂದರೆ ಪೂರ್ತಿ ಬೆಳಗುತ್ತದೆ. ಕೆಟ್ಟರೆ ಬಿಚ್ಚಿ ಬೇರೆ ಹಾಕಿದರಾಯಿತು. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಯಾರಾದರೂ ಪಾರ್ಕಿಂಗ್‌ಗೆ ಆ್ಯಪ್ ಬೇಕು ಅಂದರೆ ಯಾಕೆ ಎಂದು ಕೇಳಿ.

ಹಳೇ ದಾರಿಗಳು, ಇನ್ನೂ ಸತ್ತಿಲ್ಲ

ಮನೆಯಲ್ಲಿ ಫ್ಯಾನ್ ರೆಗ್ಯುಲೇಟರ್ ತರ ತಿರುಗಿಸುವ ಡಿಮ್ಮರ್ ಇರುತ್ತಲ್ಲ, ಅದು ಕರೆಂಟಿನ ಅಲೆಯನ್ನೇ ಕತ್ತರಿಸಿ ಬೆಳಕು ತಗ್ಗಿಸುತ್ತದೆ. ಅಲೆಯ ಮುಂದಿನ ಅಂಚನ್ನು ಕತ್ತರಿಸುವುದು ಒಂದು ಬಗೆ, ಹಿಂದಿನ ಅಂಚನ್ನು ಕತ್ತರಿಸುವುದು ಇನ್ನೊಂದು. ಎಲ್‌ಇಡಿ ಡ್ರೈವರ್‌ಗಳಿಗೆ ಸಾಮಾನ್ಯವಾಗಿ ಎರಡನೆಯದೇ ಹೊಂದುತ್ತದೆ. ಜೋಡಿ ಸರಿಹೋಗದಿದ್ದರೆ ದೀಪ ಮಿಣಿಮಿಣಿ ಅನ್ನುತ್ತದೆ, ಡಿಮ್ಮರ್ ಗುಂಯ್ ಅನ್ನುತ್ತದೆ. ಒಂದೆರಡು ಕೋಣೆಗೆ ಇದು ಸಾಕು. ಕೊಳ್ಳುವ ಮೊದಲು ಅದೇ ದೀಪ, ಅದೇ ಡಿಮ್ಮರ್ ಜೋಡಿಸಿ ಉರಿಸಿ ನೋಡಿ. ಇದರ ಬಗ್ಗೆ ಹೇಳಲು ಜಾಸ್ತಿ ಇಲ್ಲ.

0-10 ವೋಲ್ಟ್ ದಾರಿ ಸ್ವಲ್ಪ ಮೇಲಿನದು. ಮೇನ್ಸ್ ಜೊತೆ ಎರಡು ಸಣ್ಣ ವೈರ್ ಎಳೆಯುತ್ತಾರೆ. 10 ವೋಲ್ಟ್ ಬಂದರೆ ಪೂರ್ತಿ ಬೆಳಕು, ಕಡಿಮೆಯಾದಂತೆ ಮಂದ. 1-10 ವೋಲ್ಟ್ ಎಂಬ ಇದರ ಅಣ್ಣತಮ್ಮನಲ್ಲಿ 1 ವೋಲ್ಟ್‌ಗೆ ಇಳಿದರೂ ದೀಪ ಪೂರ್ತಿ ಆರುವುದಿಲ್ಲ, ಆರಿಸಲು ಕರೆಂಟನ್ನೇ ಕಡಿಯುವ ಬೇರೆ ರಿಲೇ ಬೇಕು. ಪ್ಲಸ್ ಮೈನಸ್ ಅದಲು ಬದಲಾಗಬಾರದು. ವೈರ್ ಉದ್ದವಾದರೆ ವೋಲ್ಟೇಜ್ ವ್ಯತ್ಯಾಸವಾಗಿ ಕೊನೆಯ ದೀಪ ಬೇರೆ ಮಟ್ಟದಲ್ಲಿ ಉರಿಯುತ್ತದೆ. ದೀಪಕ್ಕೆ ವಿಳಾಸ ಅಂತ ಏನೂ ಇಲ್ಲ. ಒಂದು ವೈರಿಗೆ ಕಟ್ಟಿದ್ದೆಲ್ಲ ಒಂದೇ ಗುಂಪು, ಗುಂಪು ಬದಲಾಯಿಸಬೇಕಾದರೆ ವೈರನ್ನೇ ಬದಲಾಯಿಸಬೇಕು.

ಆದರೂ ನನಗೆ ಇದರ ಮೇಲೆ ಗೌರವ ಇದೆ. ಕೆಟ್ಟರೆ ಯಾವ ಊರಿನ ಎಲೆಕ್ಟ್ರಿಷಿಯನ್ ಆದರೂ ಮಲ್ಟಿಮೀಟರ್ ಹಿಡಿದು ಕಂಡುಹಿಡಿಯುತ್ತಾನೆ. ಫ್ಯಾಕ್ಟರಿ ಶೆಡ್, ಗೋಡೌನ್, ಬ್ಯಾಡ್ಮಿಂಟನ್ ಕೋರ್ಟ್ ಇಂಥ ಕಡೆ ಗುಂಪುಗಳು ಹತ್ತು ವರ್ಷವಾದರೂ ಬದಲಾಗುವುದಿಲ್ಲ. ಅಲ್ಲಿ ಇದಕ್ಕಿಂತ ಬುದ್ಧಿವಂತಿಕೆ ತೋರಿಸಲು ಹೋಗಬೇಡಿ.

ಡಾಲಿ: ಆಫೀಸು, ಆಸ್ಪತ್ರೆಗಳ ಯಜಮಾನ

ದೊಡ್ಡ ಕಟ್ಟಡಗಳಲ್ಲಿ ಕಂಟ್ರೋಲ್ ಅಂದರೆ ಹೆಚ್ಚಾಗಿ ಡಾಲಿ. ಪ್ರತಿ ದೀಪಕ್ಕೂ ಒಂದು ವಿಳಾಸ ಕೊಟ್ಟು ವೈರ್ ಮೂಲಕ ಆದೇಶ ಕಳಿಸುವ ವ್ಯವಸ್ಥೆ. ಇದು ಒಂದು ಕಂಪನಿಯ ಸೊತ್ತಲ್ಲ. ಐಇಸಿ 62386 ಎಂಬ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್. ಎರಡು ವೈರ್, ಅವುಗಳ ಮೇಲೆ ಸುಮಾರು 16 ವೋಲ್ಟ್. ಪ್ಲಸ್ ಮೈನಸ್ ನೋಡುವ ತಾಪತ್ರಯ ಇಲ್ಲ. ಸಾಲಾಗಿ ಎಳೆಯಿರಿ, ಕವಲೊಡೆಸಿ, ಏನಾದರೂ ಮಾಡಿ, ಸುತ್ತು ಹೊಡೆದು ಬಂದು ಉಂಗುರದ ತರ ಮಾತ್ರ ಸೇರಿಸಬೇಡಿ. ಫೇಸ್, ನ್ಯೂಟ್ರಲ್, ಅರ್ಥ್ ಜೊತೆಗೆ ಅದೇ ಐದು ಕೋರ್ ಕೇಬಲ್‌ನಲ್ಲಿ ಡಾಲಿಯ ಎರಡೂ ವೈರ್ ಹೋಗಬಹುದು. ಸೈಟಿನಲ್ಲಿ ಇದು ದೊಡ್ಡ ಅನುಕೂಲ. ಆದರೆ 16 ವೋಲ್ಟ್ ತಾನೇ ಎಂದು ಲೈವ್ ಇದ್ದಾಗ ಕೈ ಹಾಕಬೇಡಿ. ಈ ಸರ್ಕಿಟ್‌ಗೆ ಮೇನ್ಸ್‌ನಿಂದ ಪೂರ್ತಿ ರಕ್ಷಣೆ ಇದೆ ಎಂದು ಸ್ಟ್ಯಾಂಡರ್ಡ್ ಹೇಳುವುದಿಲ್ಲ, ಮೇನ್ಸ್ ಎಂದೇ ಭಾವಿಸಿ ಕೆಲಸ ಮಾಡಬೇಕು.

ಒಂದು ಲೈನ್‌ಗೆ 64 ಡ್ರೈವರ್. 16 ಗುಂಪು, 16 ಸೀನ್ (ಮೊದಲೇ ಉಳಿಸಿಟ್ಟ ಬೆಳಕಿನ ಮಟ್ಟ). ಲೈನ್‌ನ ಪವರ್ ಸಪ್ಲೈ ಗರಿಷ್ಠ 250 ಮಿಲಿಆಂಪ್. ಒಂದು ಡ್ರೈವರ್ 2 ಮಿಲಿಆಂಪ್ ತಿನ್ನುತ್ತದೆ, 64ಕ್ಕೆ 128. ಉಳಿದಿದ್ದರಲ್ಲಿ ಸೆನ್ಸರ್‌ಗಳು ಬದುಕಬೇಕು, ಅವು ಡ್ರೈವರ್‌ಗಿಂತ ಜಾಸ್ತಿ ತಿನ್ನುತ್ತವೆ. ಕೇಬಲ್ ಉದ್ದ 1.5 ಚದರ ಮಿಲಿಮೀಟರ್ ವೈರಿಗೆ 300 ಮೀಟರ್, 0.5ರ ವೈರಿಗೆ ಬರೀ 100 ಮೀಟರ್. ಒಂದು ಫ್ಲೋರಿನಲ್ಲಿ 200 ದೀಪ ಇದ್ದರೆ ನಾಲ್ಕು ಲೈನ್ ಬೇಕು. ಪ್ರತಿ ಲೈನ್‌ನಲ್ಲಿ 50ಕ್ಕೆ ನಿಲ್ಲಿಸಿ, ಜಾಗ ಬಿಡಿ. 64ರ ತನಕ ತುಂಬಿಸಿದ ಡ್ರಾಯಿಂಗ್ ಕಂಡರೆ ನನಗೆ ಸಿಟ್ಟು ಬರುತ್ತದೆ. ಆರು ತಿಂಗಳಲ್ಲಿ ಯಾರೋ ಒಂದು ಕ್ಯಾಬಿನ್ ಜಾಸ್ತಿ ಮಾಡುತ್ತಾರೆ, ಅಲ್ಲಿಗೆ ಹೊಸ ಲೈನ್, ಹೊಸ ಖರ್ಚು.

ಡಾಲಿ ನಿಧಾನ. ಸೆಕೆಂಡಿಗೆ 1200 ಬಿಟ್. 64 ದೀಪಗಳಿಗೆ ಒಂದೊಂದಾಗಿ ಆದೇಶ ಕಳಿಸಿದರೆ ಎರಡು ಸೆಕೆಂಡ್ ಹತ್ತಿರ ಹಿಡಿಯುತ್ತದೆ. ಹಾಲ್‌ನಲ್ಲಿ ಬೆಳಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿದಂತೆ ಕಾಣುತ್ತದೆ. ಗುಂಪಿಗೆ ಒಂದೇ ಆದೇಶ ಕಳಿಸಿದರೆ ಎಲ್ಲವೂ ಒಟ್ಟಿಗೆ ಉರಿಯುತ್ತವೆ. ಹೀಗೆ ಹರಿಯುವ ಬೆಳಕು ಕಂಡರೆ ಪ್ರೋಗ್ರಾಂ ಮಾಡಿದವನು ಗುಂಪು ಮಾಡಿಲ್ಲ ಎಂದೇ ಅರ್ಥ.

ಡಾಲಿಯ ಶಕ್ತಿ ಮತ್ತು ತಲೆನೋವು ಎರಡೂ ಕಾಣುವುದು ವಿಳಾಸ ಕೊಡುವ ದಿನ. ಹೊಸ ಡ್ರೈವರ್‌ಗಳಿಗೆ ವಿಳಾಸ ಇರುವುದಿಲ್ಲ. ಲೈನ್ ನಡೆಸುವ ಕಂಟ್ರೋಲರ್ ಪೆಟ್ಟಿಗೆ ಕೇಳಿದಾಗ ಪ್ರತಿ ಡ್ರೈವರ್ ತನ್ನಷ್ಟಕ್ಕೆ ಒಂದು ದೊಡ್ಡ ಸಂಖ್ಯೆ ಆರಿಸಿಕೊಳ್ಳುತ್ತದೆ. ಆಮೇಲೆ ಕಂಟ್ರೋಲರ್ "ಈ ಸಂಖ್ಯೆಗಿಂತ ಚಿಕ್ಕವರು ಯಾರಿದ್ದೀರಿ?" ಎಂದು ಕೇಳುತ್ತಾ, ಅರ್ಧ ಅರ್ಧ ಮಾಡುತ್ತಾ ಒಬ್ಬೊಬ್ಬರನ್ನೇ ಹಿಡಿದು 0ಯಿಂದ 63ರ ತನಕ ವಿಳಾಸ ಹಂಚುತ್ತದೆ. ಸಂಖ್ಯೆ ಮನಸ್ಸಿಗೆ ಬಂದಂತೆ ಆರಿಸಿದ್ದರಿಂದ 0 ಲಿಫ್ಟ್ ಎದುರಿರುತ್ತದೆ, 1 ಟಾಯ್ಲೆಟ್‌ನಲ್ಲಿ, 2 ಎಂಡಿ ಕ್ಯಾಬಿನ್‌ನಲ್ಲಿ. ಈಗ ಒಬ್ಬ ಲ್ಯಾಪ್‌ಟಾಪ್ ಹಿಡಿದು ಒಂದೊಂದೇ ದೀಪವನ್ನು ಮಿಟುಕಿಸುತ್ತಾನೆ. ಇನ್ನೊಬ್ಬ ಫ್ಲೋರ್ ಪ್ಲಾನ್ ಹಿಡಿದು ಓಡಾಡುತ್ತಾ "ಹಾಂ, ಇಲ್ಲಿದೆ, ಕಿಟಕಿ ಸಾಲಿನ ಮೂರನೇದು" ಎಂದು ಕೂಗಿ ಪ್ರಿಂಟ್ ಮೇಲೆ ಪೆನ್ನಿನಲ್ಲಿ ನಂಬರ್ ಬರೆಯುತ್ತಾನೆ. ಅವನ ಕೈಯಲ್ಲಿರುವ ಗೀಚಿದ ಆ ಪ್ರಿಂಟ್ ಇದೆಯಲ್ಲ, ಇಡೀ ಪ್ರಾಜೆಕ್ಟ್‌ನಲ್ಲಿ ಅದಕ್ಕಿಂತ ಬೆಲೆಯ ಕಾಗದ ಇಲ್ಲ. ಬಹಳ ಸಲ ಅದು ಸೈಟಿನ ಕಸದ ಜೊತೆ ಹೋಗಿಬಿಡುತ್ತದೆ.

ಗುಂಪು ಮತ್ತು ಸೀನ್ ಕಂಟ್ರೋಲರ್‌ನಲ್ಲಿ ಇರುವುದಿಲ್ಲ, ಡ್ರೈವರ್‌ಗಳ ಒಳಗೇ ಉಳಿಯುತ್ತವೆ. ಹಾಗಾಗಿ ಹಾಕಿಕೊಟ್ಟವನು ಮಾಯವಾದರೂ ಬೇರೆಯವನು ಒಂದು ಡಾಲಿ ಯುಎಸ್‌ಬಿ ಸಾಧನ ಸಿಕ್ಕಿಸಿ ಅವನ್ನು ಓದಿಕೊಳ್ಳಬಹುದು. ಇದೇ ಕಾರಣಕ್ಕೆ ನನ್ನ ಮೂರನೇ ಪ್ರಶ್ನೆಗೆ ಡಾಲಿ ಒಳ್ಳೆಯ ಉತ್ತರ ಕೊಡುತ್ತದೆ. ಪೂರ್ತಿ ಉತ್ತರ ಅಲ್ಲ. "ಸೆನ್ಸರ್ ಕಂಡರೆ ಈ ಗುಂಪನ್ನು ಹೀಗೆ ಮಾಡು, ಸಂಜೆ ಏಳಕ್ಕೆ ಅದನ್ನು ಆರಿಸು" ಎಂಬ ಬುದ್ಧಿ ಇರುವುದು ಕಂಟ್ರೋಲರ್‌ನಲ್ಲಿ, ಅದು ಆಯಾ ಕಂಪನಿಯದ್ದು. ಡ್ರೈವರ್ ಬೇರೆ ಕಂಪನಿಯದು ಹಾಕಬಹುದು, ಕಂಟ್ರೋಲರ್ ಬದಲಾಯಿಸಿದರೆ ಬುದ್ಧಿಯನ್ನು ಮತ್ತೆ ಬರೆಯಬೇಕು.

ಕೊಳ್ಳುವಾಗ ಬರೀ "ಡಾಲಿ" ಎಂದು ಬರೆದಿದ್ದರೆ ಸಾಲದು, ಡಾಲಿ-2 ಕೇಳಿ. ಹಳೆಯದರಲ್ಲಿ ಸೆನ್ಸರ್, ಸ್ವಿಚ್‌ಗಳು ಸ್ಟ್ಯಾಂಡರ್ಡ್‌ನೊಳಗೆ ಇರಲಿಲ್ಲ. ಒಂದು ಕಂಪನಿಯ ಸೆನ್ಸರ್ ಇನ್ನೊಂದರ ಜೊತೆ ಮಾತಾಡುವ ಗ್ಯಾರಂಟಿ ಇರಲಿಲ್ಲ. ಡಾಲಿ-2ರಲ್ಲಿ ಅವೂ ಒಳಗೆ ಬಂದಿವೆ, ಪರೀಕ್ಷೆಯ ಫಲಿತಾಂಶವನ್ನು ಡಾಲಿ ಅಲಯನ್ಸ್ ತಾನೇ ಪರಿಶೀಲಿಸಿ ಮುದ್ರೆ ಕೊಡುತ್ತದೆ. ಅವರ ವೆಬ್‌ಸೈಟಿನಲ್ಲಿ ಮಾಡೆಲ್ ನಂಬರ್ ಹಾಕಿದರೆ ಸರ್ಟಿಫಿಕೇಟ್ ಇದೆಯೋ ಇಲ್ಲವೋ ಕಾಣುತ್ತದೆ. ಎರಡು ನಿಮಿಷದ ಕೆಲಸ, ಮಾಡಿ.

ಕೆಎನ್‌ಎಕ್ಸ್: ದೀಪದ ಜೊತೆ ಪರದೆ, ಎಸಿ ಎಲ್ಲ ಬೇಕಾದವರಿಗೆ

ಕೆಎನ್‌ಎಕ್ಸ್ ಹುಟ್ಟಿದ್ದು ಯುರೋಪಿನಲ್ಲಿ. 1990ರಲ್ಲಿ ಶುರುವಾದ ಇಐಬಿ ಇದರ ಹಿರಿಯ. ದೀಪಕ್ಕೆಂದೇ ಮಾಡಿದ್ದಲ್ಲ, ಇಡೀ ಮನೆಗೆ, ಇಡೀ ಕಟ್ಟಡಕ್ಕೆ. ಹಸಿರು ಬಣ್ಣದ ಕೇಬಲ್ ಕಂಡರೆ ಅದೇ. ಸುಮಾರು 30 ವೋಲ್ಟ್, ಸೆಕೆಂಡಿಗೆ 9600 ಬಿಟ್. ಇದನ್ನು ಮೇನ್ಸ್ ಜೊತೆ ಒಂದೇ ಪೈಪಿನಲ್ಲಿ ತುರುಕಬಾರದು, ಬೇರೆ ಕಂಡ್ಯೂಟ್ ಬೇಕು. ಅಂದರೆ ಗೋಡೆಯಲ್ಲಿ ಪೈಪಿಗೆಂದು ಸಾಲು ಕೊರೆಯುವ ಹಂತದಲ್ಲೇ ತೀರ್ಮಾನವಾಗಬೇಕು. ಪೇಂಟ್ ಆದ ಮೇಲೆ ನೆನಪಾದರೆ ಕೆಎನ್‌ಎಕ್ಸ್ ಮರೆತುಬಿಡಿ.

ಇದರಲ್ಲಿ ನಡುವೆ ಕೂತು ಎಲ್ಲವನ್ನೂ ಆಳುವ ಒಂದು ಪೆಟ್ಟಿಗೆ ಇರಲೇಬೇಕೆಂದಿಲ್ಲ. ಸ್ವಿಚ್ಚಿನೊಳಗೆ ಬುದ್ಧಿ, ಎಂಸಿಬಿ ಇರುವ ಡಿಬಿ ಪೆಟ್ಟಿಗೆಯೊಳಗೆ ಕೂತು ಆದೇಶದಂತೆ ಕರೆಂಟ್ ಕೊಡುವ, ತೆಗೆಯುವ ಆ್ಯಕ್ಚುಯೇಟರ್‌ನಲ್ಲಿ ಬುದ್ಧಿ. ಒಂದು ಕೆಟ್ಟರೆ ಉಳಿದವು ನಡೆಯುತ್ತವೆ. ನೂರಾರು ಕಂಪನಿಗಳ ಸಾಮಾನು ಒಂದಕ್ಕೊಂದು ಹೊಂದುತ್ತದೆ. ಇಷ್ಟೆಲ್ಲ ಒಳ್ಳೆಯದರ ನಡುವೆ ಒಂದು ಮುಳ್ಳಿದೆ. ಎಲ್ಲವನ್ನೂ ಪ್ರೋಗ್ರಾಂ ಮಾಡುವುದು ಇಟಿಎಸ್ ಎಂಬ ಒಂದೇ ಸಾಫ್ಟ್‌ವೇರ್‌ನಿಂದ. ಅದರ ಪ್ರಾಜೆಕ್ಟ್ ಫೈಲ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಗೋಡೆಯ ಮೇಲಿರುವ ಸಾಧನಗಳಿಂದ ಅದನ್ನು ಪೂರ್ತಿಯಾಗಿ ವಾಪಸ್ ಕಟ್ಟಲು ಆಗುವುದಿಲ್ಲ. ಮನೆ ನಿಮ್ಮದು, ಸ್ವಿಚ್ ನಿಮ್ಮದು, ಫೈಲ್ ಮಾತ್ರ ಸಿಸ್ಟಮ್ ಹಾಕಿಕೊಟ್ಟ ಇಂಟಿಗ್ರೇಟರ್ ಲ್ಯಾಪ್‌ಟಾಪ್‌ನಲ್ಲಿ. ಅವನು ಊರು ಬಿಟ್ಟರೆ ಒಂದು ಸ್ವಿಚ್ಚಿನ ಕೆಲಸ ಬದಲಾಯಿಸಲು ಶುರುವಿನಿಂದ ಪ್ರೋಗ್ರಾಂ ಮಾಡಬೇಕಾಗಬಹುದು. ಆರ್ಡರ್‌ನಲ್ಲೇ ಬರೆಸಿ: ಫೈಲ್ ಮತ್ತು ಅದರ ಪಾಸ್‌ವರ್ಡ್ ಮಾಲೀಕನಿಗೆ ಸೇರಬೇಕು, ಬದಲಾವಣೆ ಆದಾಗೆಲ್ಲ ಹೊಸ ಪ್ರತಿ ಕೊಡಬೇಕು.

ದೊಡ್ಡ ಕಟ್ಟಡಗಳಲ್ಲಿ ಡಾಲಿಯೋ ಕೆಎನ್‌ಎಕ್ಸೋ ಎಂಬ ಜಗಳವೇ ಇಲ್ಲ. ಸ್ವಿಚ್, ಪರದೆ, ಎಸಿ ಕೆಎನ್‌ಎಕ್ಸ್ ಮೇಲೆ, ದೀಪಗಳು ಡಾಲಿ ಮೇಲೆ, ನಡುವೆ ಎರಡರ ಮಾತನ್ನೂ ತರ್ಜುಮೆ ಮಾಡುವ ಒಂದು ಗೇಟ್‌ವೇ.

ವೈರ್‌ಲೆಸ್: ಹಳೇ ಕಟ್ಟಡಕ್ಕೆ ವರ, ಲೆಕ್ಕ ತಪ್ಪಿದರೆ ಕಿರಿಕಿರಿ

ಕಟ್ಟಿ ಮುಗಿದ ಕಟ್ಟಡದಲ್ಲಿ ಹೊಸ ವೈರ್ ಎಳೆಯಲಾಗದು ಎಂದಾಗ ವೈರ್‌ಲೆಸ್ ಬಿಟ್ಟರೆ ಗತಿಯಿಲ್ಲ. ಇಲ್ಲಿ ಮೂರು ನಾಲ್ಕು ದಾರಿ.

ವೈಫೈ ಬಲ್ಬ್ ಎಲ್ಲರಿಗೂ ಗೊತ್ತು. ಮನೆಯಲ್ಲಿ ಐದಾರು ಇದ್ದರೆ ಚೆನ್ನ. ಆಫೀಸಿಗೆ ಬೇಡ. ಪ್ರತಿ ಬಲ್ಬೂ ರೂಟರ್‌ನಲ್ಲಿ ಜಾಗ ಹಿಡಿಯುತ್ತದೆ, ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲವನ್ನೂ ಮತ್ತೆ ಸೇರಿಸಬೇಕು. ಹಲವು ಬಲ್ಬ್‌ಗಳ ಆ್ಯಪ್ ಇಂಟರ್‌ನೆಟ್ ಇಲ್ಲದಿದ್ದರೆ ಸುಮ್ನೆ ಕೂರುತ್ತದೆ. 2022ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಟರ್ ಸ್ಟ್ಯಾಂಡರ್ಡ್ ಈ ಕೊನೆಯ ತೊಂದರೆಗೆ ಮದ್ದು. ಮ್ಯಾಟರ್ ಇರುವ ಸಾಧನಗಳು ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಮಾತಾಡಿಕೊಳ್ಳುತ್ತವೆ, ಬೇರೆ ಬೇರೆ ಕಂಪನಿಯ ಆ್ಯಪ್‌ಗಳಿಗೂ ಸಿಗುತ್ತವೆ. ಹೊಸದಾಗಿ ಮನೆಗೆ ಕೊಳ್ಳುವವರು ಡಬ್ಬಿಯ ಮೇಲೆ ಅದರ ಗುರುತು ಹುಡುಕಿ.

ಜಿಗ್‌ಬೀ ಮತ್ತು ಬ್ಲೂಟೂತ್ ಮೆಶ್ ಎರಡೂ ದೀಪದಿಂದ ದೀಪಕ್ಕೆ ಸಂದೇಶ ದಾಟಿಸುತ್ತವೆ. ಜಿಗ್‌ಬೀಗೆ ನಡುವೆ ಹಬ್ ಎಂಬ ಒಂದು ಪೆಟ್ಟಿಗೆ ಇರುತ್ತದೆ, ಸಂದೇಶ ದಾರಿ ಹುಡುಕಿಕೊಂಡು ಹೋಗುತ್ತದೆ. 2017ರಲ್ಲಿ ಬಂದ ಬ್ಲೂಟೂತ್ ಮೆಶ್‌ನಲ್ಲಿ ದಾರಿ ಹುಡುಕುವ ಗೋಜಿಲ್ಲ. ಕೇಳಿಸಿಕೊಂಡ ಪ್ರತಿ ದೀಪ ಅದನ್ನೇ ಮತ್ತೆ ಹೇಳುತ್ತದೆ, ಊರಿನಲ್ಲಿ ಸುದ್ದಿ ಹಬ್ಬಿದ ಹಾಗೆ. ಒಂದು ದೀಪ ಕೆಟ್ಟರೂ ಸುದ್ದಿ ನಿಲ್ಲುವುದಿಲ್ಲ. ಆದರೆ ಇನ್ನೂರು ದೀಪಗಳೂ ಒಟ್ಟಿಗೆ ಕೂಗಿದರೆ ಗಲಾಟೆ, ಸಂದೇಶ ತಡವಾಗುತ್ತದೆ. ತಿಳಿದವರು ಮರುಪ್ರಸಾರದ ಕೆಲಸವನ್ನು ಕೆಲವೇ ದೀಪಗಳಿಗೆ ಕೊಟ್ಟು ಉಳಿದವನ್ನು ಸುಮ್ಮನಿರಿಸುತ್ತಾರೆ. ಹಾಕಿಕೊಡುವವನಿಗೆ ಈ ಸೆಟ್ಟಿಂಗ್ ಬಗ್ಗೆ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಬಿಡಿಸಬೇಕು. ಫಿನ್ಲೆಂಡಿನ ಕಸಾಂಬಿಯೂ ಬ್ಲೂಟೂತ್ ರೇಡಿಯೋ ಮೇಲೆಯೇ ಓಡುತ್ತದೆ, ಆದರೆ ಅದು ಅವರದ್ದೇ ಭಾಷೆ. ಬ್ಲೂಟೂತ್ ಮೆಶ್ ಸ್ಟ್ಯಾಂಡರ್ಡ್ ಅಲ್ಲ. ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ. ಕಸಾಂಬಿ ಬಳಸಲು ಬಹಳ ಸುಲಭ, ಹಲವು ಕಂಪನಿಗಳು ಅದರ ಚಿಪ್ ಇರುವ ದೀಪ ಮಾಡುತ್ತವೆ, ಒಂದು ನೆಟ್‌ವರ್ಕ್‌ಗೆ 250 ಸಾಧನ. ಚಿಕ್ಕ ಹೋಟೆಲ್, ಶೋರೂಂ, ಮ್ಯೂಸಿಯಂಗೆ ನಾನೇ ಮೊದಲು ಹೇಳುವ ಹೆಸರು ಅದು. ಆದರೆ ಒಂದೇ ಕಂಪನಿಯ ಮೇಲೆ ನಿಂತಿದ್ದೀರಿ ಎಂಬುದು ಗೊತ್ತಿರಲಿ.

ವೈರ್‌ಲೆಸ್‌ನ ಶತ್ರುಗಳು ಮೂರು. ಮೊದಲನೆಯದು ಕಾಂಕ್ರೀಟು ಮತ್ತು ಲೋಹ. ತಗಡಿನ ಫಾಲ್ಸ್ ಸೀಲಿಂಗ್ ಮೇಲೆ ರೇಡಿಯೋ ಇಟ್ಟು ಕೆಳಗೆ ಸಿಗ್ನಲ್ ಬರಲಿ ಅಂದರೆ ಹೇಗೆ? ಎರಡನೆಯದು ವೈಫೈ. ಎಲ್ಲರೂ 2.4 ಗಿಗಾಹರ್ಟ್ಸ್‌ನಲ್ಲೇ ಕಿತ್ತಾಡುತ್ತಾರೆ. ವೈಫೈ 1, 6, 11ನೇ ಚಾನೆಲ್‌ನಲ್ಲಿದ್ದರೆ ಜಿಗ್‌ಬೀಯನ್ನು 25 ಅಥವಾ 26ಕ್ಕೆ ಹಾಕಿದರೆ ಕಾಟ ಕಡಿಮೆ. ಮೂರನೆಯದು ಗೋಡೆಯ ಸ್ವಿಚ್. ಯಾರೋ ಅಭ್ಯಾಸಬಲದಿಂದ ಸ್ವಿಚ್ ಆರಿಸುತ್ತಾರೆ, ಆ ಸಾಲಿನ ದೀಪಗಳೆಲ್ಲ ನೆಟ್‌ವರ್ಕ್‌ನಿಂದ ಮಾಯ. ಅವುಗಳ ಮೂಲಕ ಸಂದೇಶ ಪಡೆಯುತ್ತಿದ್ದ ಆಚೆ ಕೋಣೆಯ ದೀಪಗಳೂ ಕಿವುಡು. ಹಾಗಾಗಿ ಮೆಶ್ ದೀಪಗಳಿಗೆ ಕರೆಂಟ್ ಯಾವಾಗಲೂ ಇರಬೇಕು, ಗೋಡೆಯಲ್ಲಿ ಮಾಮೂಲಿ ಸ್ವಿಚ್ ತೆಗೆದು ಸಂದೇಶ ಕಳಿಸುವ ಬಟನ್ ಹಾಕಬೇಕು.

ವಿದೇಶದಿಂದ ಸಾಮಾನು ಹೊತ್ತು ತರುವ ನಮ್ಮವರಿಗೆ ಒಂದು ಮಾತು. ಜಿಗ್‌ಬೀ, ಬ್ಲೂಟೂತ್ ಎಲ್ಲ ಕಡೆ ಒಂದೇ ತರಂಗ. ಜಡ್-ವೇವ್ ಎಂಬ ಇನ್ನೊಂದು ವೈರ್‌ಲೆಸ್ ದಾರಿ ಹಾಗಲ್ಲ. ಅಮೆರಿಕದ್ದು 908 ಮೆಗಾಹರ್ಟ್ಸ್, ಭಾರತದ್ದು 865. ಅಲ್ಲಿನ ಜಡ್-ವೇವ್ ಸ್ವಿಚ್ ಇಲ್ಲಿನ ಹಬ್ ಜೊತೆ ಮಾತಾಡುವುದಿಲ್ಲ, ಇಲ್ಲಿ ಆ ತರಂಗದಲ್ಲಿ ಬಳಸುವಂತೆಯೂ ಇಲ್ಲ. ಅಮೆರಿಕದ ಸ್ವಿಚ್ 120 ವೋಲ್ಟಿನದು ಎಂಬುದು ಬೇರೆ ಕಥೆ.

ಸುರಕ್ಷತೆಯ ವಿಷಯ. 2016ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯ ಸಂಶೋಧಕರು ತಮ್ಮ ಸಂಗಡಿಗರ ಜೊತೆ ಸೇರಿ, ಡ್ರೋನ್‌ಗೆ ಕಟ್ಟಿದ ಸಾಧನದಿಂದ ಕಟ್ಟಡವೊಂದರ ಫಿಲಿಪ್ಸ್ ಹ್ಯೂ ದೀಪಗಳನ್ನು ಹೊರಗಿನಿಂದಲೇ ವಶಕ್ಕೆ ತೆಗೆದುಕೊಂಡು ತೋರಿಸಿದರು. ಕಂಪನಿ ಆ ತೂತನ್ನು ಮುಚ್ಚಿತು. ಮುಚ್ಚಲು ಆಗಿದ್ದು ದೀಪಗಳಿಗೆ ಅಪ್‌ಡೇಟ್ ಕಳಿಸುವ ವ್ಯವಸ್ಥೆ ಇದ್ದಿದ್ದಕ್ಕೆ. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಎಂದು ಕೇಳಿ. ಆಫೀಸಿನಲ್ಲಿ ದೀಪದ ಗೇಟ್‌ವೇಯನ್ನು ಲೆಕ್ಕಪತ್ರದ ಕಂಪ್ಯೂಟರ್ ಇರುವ ನೆಟ್‌ವರ್ಕ್‌ಗೇ ಸಿಕ್ಕಿಸಬೇಡಿ.

ಮೂರನೇ ಪ್ರಶ್ನೆಗೆ ವೈರ್‌ಲೆಸ್‌ನ ಉತ್ತರ ಅಷ್ಟು ಚೆನ್ನಾಗಿಲ್ಲ. ಮೆಶ್‌ನ ಕೀಲಿಗಳು (ದೀಪಗಳಿಗೆ ಆದೇಶ ಕೊಡಲು ಬೇಕಾದ ಗುಟ್ಟಿನ ಸಂಖ್ಯೆಗಳು) ಹಾಕಿಕೊಟ್ಟವನ ಫೋನಿನಲ್ಲೋ ಅಕೌಂಟಿನಲ್ಲೋ ಇರುತ್ತವೆ. ಅವು ಕಳೆದರೆ ಪ್ರತಿ ದೀಪವನ್ನೂ ರೀಸೆಟ್ ಮಾಡಿ ಹೊಸದಾಗಿ ಸೇರಿಸಬೇಕು. ಕಟ್ಟಡದ ಹೆಸರಲ್ಲೇ ಒಂದು ಇಮೇಲ್ ಮಾಡಿ, ಅಕೌಂಟ್ ಅದರಲ್ಲೇ ತೆರೆಸಿ.

ಉಳಿದೆರಡು

ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟೂ ಕಳಿಸುವ ಪಿಒಇ ದೀಪಗಳಿವೆ. 2018ರ ಸ್ಟ್ಯಾಂಡರ್ಡ್‌ನಲ್ಲಿ ಸ್ವಿಚ್ ಕಡೆಯಿಂದ 90 ವಾಟ್ ತನಕ ಹೋಗುತ್ತದೆ, ಉದ್ದ 100 ಮೀಟರ್. 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ದಿ ಎಡ್ಜ್ ಕಟ್ಟಡದಲ್ಲಿ ಸಾವಿರಾರು ದೀಪಗಳನ್ನು ಹೀಗೆ ಹಾಕಿ ಹೆಸರು ಮಾಡಿದರು. ನೋಡಲು ಚೆಂದ. ನಮ್ಮಲ್ಲಿ ಐಟಿ ಟೀಮು ಮತ್ತು ಎಲೆಕ್ಟ್ರಿಕಲ್ ಟೀಮು ಒಂದೇ ಮೇಜಿನ ಮುಂದೆ ಕೂತು ಕೆಲಸ ಮಾಡುವ ಕಂಪನಿಯಾದರೆ ಮಾತ್ರ ಯೋಚಿಸಿ.

ಬಣ್ಣ ಬಣ್ಣದ ಮುಖಮಂಟಪ, ವೇದಿಕೆ, ಹೊರಗೋಡೆಗೆ ಡಿಎಂಎಕ್ಸ್ ಎಂಬ ಕಂಟ್ರೋಲ್. 1986ರಿಂದ ಇದೆ, ನಾಟಕದ ವೇದಿಕೆಗೆಂದು ಹುಟ್ಟಿದ್ದು, 512 ಚಾನೆಲ್, ಡಾಲಿಗಿಂತ ಇನ್ನೂರು ಪಟ್ಟು ವೇಗ. ಆಫೀಸಿನ ಒಳಗೆ ಇದರ ಕೆಲಸ ಇಲ್ಲ. ಬಣ್ಣವೂ ಓಡುವ ಬೆಳಕೂ ಬೇಡ ಅಂದರೆ ಹೊರಗೂ ಬೇಡ. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬ್‌ಗಳು ಭಾನುವಾರ ಸಂಜೆ ಒಮ್ಮೆಗೇ ಹತ್ತುವುದನ್ನು ನೋಡಲು ಜನ ನೂಕುನುಗ್ಗಲು ಮಾಡುತ್ತಾರೆ. ಅಲ್ಲಿ ದೀಪ ಹತ್ತುತ್ತದೆ, ಆರುತ್ತದೆ, ಅಷ್ಟೇ.

ಕರೆಂಟ್ ಹೋಗಿ ಬಂದಾಗ

ಯುರೋಪಿನ ಪುಸ್ತಕಗಳಲ್ಲಿ ಈ ಅಧ್ಯಾಯ ಚಿಕ್ಕದು. ನಮ್ಮಲ್ಲಿ ದೊಡ್ಡದು.

ಡಾಲಿ ಡ್ರೈವರ್‌ಗೆ ಕರೆಂಟ್ ಬಂದ ತಕ್ಷಣ ಎಷ್ಟು ಬೆಳಗಬೇಕು ಎಂಬ ಸೆಟ್ಟಿಂಗ್ ಇದೆ. ಫ್ಯಾಕ್ಟರಿಯಿಂದ ಬರುವಾಗ ಅದು ಪೂರ್ತಿ, ಅಂದರೆ 100 ಶೇಕಡಾ. ರಾತ್ರಿ ಮೂರಕ್ಕೆ ಬೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಬಂದರೆ, ಖಾಲಿ ಆಫೀಸಿನ ಎಲ್ಲ ದೀಪಗಳೂ ಝಗ್ಗೆಂದು ಹತ್ತಿಕೊಳ್ಳುತ್ತವೆ. ಕಂಟ್ರೋಲರ್ ಎಚ್ಚೆತ್ತು ಆರಿಸಿದರೆ ಸರಿ, ಇಲ್ಲದಿದ್ದರೆ ಬೆಳಗಿನ ತನಕ ಉರಿಯುತ್ತವೆ. ಡಾಲಿಯ ಎರಡು ವೈರ್‌ನಲ್ಲಿ ವೋಲ್ಟೇಜ್ ಹೋದಾಗ ಏನು ಮಾಡಬೇಕು ಎಂಬ ಇನ್ನೊಂದು ಸೆಟ್ಟಿಂಗ್ ಇದೆ, ಅದೂ ಶುರುವಿನಲ್ಲಿ ಪೂರ್ತಿ ಬೆಳಕೇ. ಮೆಟ್ಟಿಲು, ಕಾರಿಡಾರ್‌ಗೆ ಹಾಗೇ ಇರಲಿ, ಅದು ಜೀವ ಉಳಿಸುವ ಸೆಟ್ಟಿಂಗ್. ಕ್ಯಾಬಿನ್‌ಗಳಿಗೆ ಬದಲಾಯಿಸಿ. ಕೆಎನ್‌ಎಕ್ಸ್ ಆ್ಯಕ್ಚುಯೇಟರ್‌ಗಳಲ್ಲೂ ಇದೇ ತರ ಆಯ್ಕೆ ಇದೆ. ವೈಫೈ ಬಲ್ಬ್‌ಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಮಲಗುವ ಕೋಣೆಗೆ ತರುವ ಮುಂಚೆ ನೋಡಿಕೊಳ್ಳಿ.

ಹಾಗಾದರೆ ನಾನು ಏನು ಹಾಕಿಸುತ್ತೇನೆ

ಹೊಸ ಆಫೀಸು, ಹೊಸ ಆಸ್ಪತ್ರೆ: ಡಾಲಿ-2, ಯೋಚನೆಯೇ ಇಲ್ಲ. ಈಗ ದುಡ್ಡಿಲ್ಲ ಅಂದರೆ ಐದು ಕೋರ್ ಕೇಬಲ್ ಮಾತ್ರ ಎಳೆಸಿಡಿ, ಡ್ರೈವರ್ ಆಮೇಲೆ ಬದಲಾಯಿಸಬಹುದು. ಕಟ್ಟುತ್ತಿರುವ ದೊಡ್ಡ ಮನೆ, ಪರದೆ ಎಸಿ ಎಲ್ಲ ಬೇಕು, ದುಡ್ಡೂ ಇದೆ: ಕೆಎನ್‌ಎಕ್ಸ್, ಹತ್ತಿರದಲ್ಲಿ ಇಬ್ಬರು ಇಂಟಿಗ್ರೇಟರ್ ಇದ್ದರೆ. ಒಬ್ಬನೇ ಇದ್ದರೆ ಬೇಡ. ಬಾಡಿಗೆ ಆಫೀಸು, ಹಳೇ ಕಟ್ಟಡ: ಬ್ಲೂಟೂತ್, ಆದರೆ ಮೊದಲು ಒಂದು ಮೂಲೆಯಲ್ಲಿ ಹತ್ತು ದೀಪ ಹಾಕಿ ಒಂದು ತಿಂಗಳು ಓಡಿಸಿ ನೋಡಿ. ಕಲ್ಯಾಣ ಮಂಟಪದಲ್ಲಿ ಬೆಳಕು ಬದಲಾಯಿಸುವವರು ಇವತ್ತು ಒಬ್ಬರು, ನಾಳೆ ಇನ್ನೊಬ್ಬರು. ಅಲ್ಲಿ ಮುಹೂರ್ತ, ಆರತಕ್ಷತೆ, ಊಟ, ಕ್ಲೀನಿಂಗ್ ಎಂದು ಕನ್ನಡದಲ್ಲಿ ಬರೆದ ನಾಲ್ಕು ಬಟನ್ ಗೋಡೆಯ ಮೇಲಿದ್ದರೆ ಹಿಂದೆ ಯಾವ ಟೆಕ್ನಾಲಜಿ ಇದ್ದರೂ ನಡೆಯುತ್ತದೆ. ಸರ್ಕಾರಿ ಶಾಲೆ, ಚಿಕ್ಕ ಅಂಗಡಿ: ಒಳ್ಳೆ ದೀಪ, ಕಿಟಕಿ ಸಾಲಿಗೆ ಬೇರೆ ಸ್ವಿಚ್.

ಯಾವುದನ್ನೇ ಆರಿಸಿ, ಹ್ಯಾಂಡೋವರ್ ದಿನ ಕಂಟ್ರಾಕ್ಟರ್ ಕೈಗೆ ಕೊನೆಯ ಚೆಕ್ ಕೊಡುವ ಮುಂಚೆ ಒಂದು ಪರೀಕ್ಷೆ ಇಡಿ. ಉರಿಯುತ್ತಿರುವ ಒಂದು ದೀಪವನ್ನು ಬಿಚ್ಚಿಸಿ. ಸ್ಪೇರ್ ಡಬ್ಬಿಯಿಂದ ಹೊಸ ಡ್ರೈವರ್ ಹಾಕಿಸಿ. ಅದು ಹಳೇ ಗುಂಪಿಗೆ ಸೇರಿ, ಹಳೇ ಸೆನ್ಸರ್‌ಗೆ ಸ್ಪಂದಿಸಬೇಕು. ಕೆಲಸ ಮಾಡುವುದು ಕಂಟ್ರಾಕ್ಟರ್ ಕಡೆಯವನಲ್ಲ, ನಿಮ್ಮ ಕಟ್ಟಡದ ಎಲೆಕ್ಟ್ರಿಷಿಯನ್. ಪಕ್ಕದಲ್ಲಿ ನಿಂತು ಹೇಳಿಕೊಡಲಿ, ಕೈ ಹಾಕುವಂತಿಲ್ಲ. ಅರ್ಧ ಗಂಟೆಯಲ್ಲಿ ಆದರೆ ಚೆಕ್ ಕೊಡಿ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಬರೆಸಿಕೊಂಡು, ಇನ್ನೊಂದು ದಿನ ಗೊತ್ತು ಮಾಡಿ.